ಅಜ್ಜ ಓದಿದ ಎಮ್ಮೆಯ ಕಥೆ

ನಮ್ಮ ಮನೆಯವರು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಂಥವರು ಕೆಲಸಕ್ಕೆಂದು ಹಾವೇರಿಗೆ ಹೋಗಿ, ಬರುವಾಗ ಚೀಲದಲ್ಲಿ ಮಕ್ಕಳ ಚಿತ್ರದ ಪುಸ್ತಕ ಹಾಕಿಕೊಂಡು ಬಂದಾಗ ಬಿಸಿಲಿಗೆ ಇವರ ತಲೆ ಕೆಟ್ಟಿದೆ ಎಂದುಕೊಂಡೆ. ಪುಸ್ತಕದ ಮೇಲೆ ಎಮ್ಮೆಯೊಂದು ಬಳೆಗಾರನ ಮುಂದೆ ಕುಳಿತು ಗತ್ತಿನಿಂದ ಮುಂಗಾಲು ಚಾಚಿತ್ತು.

"ಯಾರಿಗ್ರಿ ಇದು?" ಎಂದೆ.

"ಮನ್ಯಾಗ ಸಣ್ಣ ಹುಡುಗಿ ಐತಲ್ಲ," ಎಂದು ಒಳಗೆ ನಡೆದರು.

ಸಣ್ಣ ಹುಡುಗಿ ಎಂದರೆ ನಮ್ಮ ಮೊಮ್ಮಗಳು, ಎರಡನೆಯ ತರಗತಿ. ರಾಣೆಬೆನ್ನೂರಿನಿಂದ ಮಗಳು ಎರಡನೆಯ ಬಾಣಂತನಕ್ಕೆ ಬಂದಾಗ ಇವಳೂ ಜೊತೆಗೆ ಬಂದಿದ್ದಳು. ತಮ್ಮ ಹುಟ್ಟಿದ್ದೇ ತಡ, ಈ ಹುಡುಗಿ ಯಾರಿಗೂ ಬೇಡವಾದಂತಾಯಿತು. ತಾಯಿಯ ಕೋಣೆಗೆ ಹೋದರೆ, "ತಮ್ಮ ಮಲಗ್ಯಾನ, ಸದ್ದ ಮಾಡಬ್ಯಾಡ." ಅಡುಗೆಮನೆಗೆ ಬಂದರೆ, "ಎಣ್ಣಿ ಕಾದೈತಿ, ದೂರ ಸರಿ" ಎಂದು ನಾನು ಗದರುತ್ತಿದ್ದೆ. ಕೊನೆಗೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತುಬಿಡುತ್ತಿದ್ದಳು. ಅಜ್ಜನ ಹತ್ತಿರವಂತೂ ಸುಳಿಯುತ್ತಿರಲಿಲ್ಲ. ಅವರು ಮೆಣಸಿನಕಾಯಿ ಪ್ಯಾಟಿಯಿಂದ ಬಂದು ಬಾಗಿಲಲ್ಲಿ ನಿಂತರೆ ಸಾಕು, ಅವಳಿಗೆ ಸೀನು ಶುರುವಾಗುತ್ತಿತ್ತು.

ನಮ್ಮಂಥ ಮೆಣಸಿನಕಾಯಿ ಮನೆಗಳಲ್ಲಿ ಒಂದು ಕಟ್ಟುನಿಟ್ಟಿದೆ. ಸುಗ್ಗಿಯಲ್ಲಿ ಪ್ಯಾಟಿಯಿಂದ ಬಂದ ಕೈ ಮಕ್ಕಳನ್ನು ಮುಟ್ಟುವಂತಿಲ್ಲ. ದಿನವಿಡೀ ಚೀಲಕ್ಕೆ ಇಳಿದು, ಕಾಯಿ ಮುರಿದು, ಬೀಜ ಉಜ್ಜಿ ನೋಡಿದ ಕೈ ಅದು. ಮಜ್ಜಿಗೆಯಲ್ಲಿ ತೊಳೆದು ಕೊಬ್ಬರಿ ಎಣ್ಣೆ ಹಚ್ಚಿದರೂ ಖಾರ ಪೂರ್ತಿ ಬಿಡುವುದಿಲ್ಲ. ಒಂದು ಮಧ್ಯಾಹ್ನ ಕೂಸಿಗೆ ಹಾಲೂಡಿಸುತ್ತ ಮಗಳು ನನ್ನೊಡನೆ ಮಾತಾಡುತ್ತಿದ್ದಳು. "ಅಪ್ಪ ನನ್ನ ಎತ್ತಿಕೊಂಡಿದ್ದು ಮಳಿಗಾಲದಾಗ ಅಷ್ಟ ನೋಡವ್ವಾ," ಎಂದಳು. ನಗುತ್ತಲೇ ಅಂದಳು. ಹೊರಗೆ ಊಟಕ್ಕೆ ಕುಳಿತಿದ್ದ ಇವರಿಗೆ ಅದು ಕೇಳಿಸಿತ್ತು. ಪುಸ್ತಕ ಬಂದದ್ದು ಅದಾದ ಮೇಲೆ. ಮೊಮ್ಮಗಳಾದರೂ ತಮ್ಮ ಹತ್ತಿರ ಬರಲಿ ಎಂಬ ಆಸೆ ಅವರಿಗೆ. ಬಾಯಿಬಿಟ್ಟು ಹೇಳುವ ಜೀವವಲ್ಲ ಅದು, ನಾನೇ ತಿಳಿದುಕೊಳ್ಳಬೇಕು.

ಸಂಜೆ ಪಡಸಾಲೆಯಲ್ಲಿ ಚಾಪೆ ಹಾಸಿ, ಮಣೆಯ ಮೇಲೆ ಪುಸ್ತಕ ಇಡಿಸಿಕೊಂಡು ಕುಳಿತರು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು.

"ಬಾರವ್ವಾ. ನನ್ನ ಕೈ ಖಾರ ಅದಾವು. ಹಾಳಿ ನೀ ತಿರುವು, ನಾ ಓದತೀನಿ."

ಹುಡುಗಿ ಬಹಳ ಹೊತ್ತು ಯೋಚಿಸಿ ಬಂದು, ಒಂದು ಮಾರು ದೂರದಲ್ಲಿ ಕುಳಿತು ಪುಟ ತಿರುವಿದಳು. ಇವರು ಓದತೊಡಗಿದರು. ಎಮ್ಮೆ ಬಳೆಗಾರನಿಗೆ ಹಸಿರು ಬಳೆ ತೊಡಿಸೆಂದು ದುಂಬಾಲು ಬೀಳುತ್ತದೆ. ಅದನ್ನು ಇವರು ಪ್ಯಾಟಿಯಲ್ಲಿ ದರ ಕೂಗಿದ ಹಾಗೆ ಓದುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಧಾರಣಿ ಹೇಳಾಕತ್ತೀರೇನು? ನಗಿಸೋ ಪುಸ್ತಕ ಅದು, ಒಂಚೂರು ನಕ್ಕು ಓದ್ರಿ."

"ನಗಿಸೂದು ಎಮ್ಮಿ ಕೆಲಸ, ನಂದಲ್ಲ," ಎಂದರು, ತಲೆಯೆತ್ತದೆ.

ಹುಡುಗಿಯ ತುಟಿ ಸ್ವಲ್ಪ ಅಲುಗಿತು. ಮುಂದಿನ ಪುಟದಲ್ಲಿ ಬಳೆಗಾರ ಎಮ್ಮೆಯ ಗೊರಸಿಗೆ ಸಾಬೂನು ಹಚ್ಚಿ ಬಳೆ ಏರಿಸಲು ಹೋಗಿ, ತಾನೇ ಜಾರಿ ಬುಟ್ಟಿಯೊಳಗೆ ಬೀಳುತ್ತಾನೆ. ಅದನ್ನು ಇವರು ಯಾರೋ ಸತ್ತ ಸುದ್ದಿಯಂತೆ ಗಂಭೀರವಾಗಿ ಓದಿ, ಓದಿದ್ದೇ ತಡ, ಪುಸ್ತಕದ ಮೇಲೆಯೇ ದೊಡ್ಡದಾಗಿ ಸೀನಿದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗೆ ಕೂಸು ಎದ್ದು ಅತ್ತಿತು.

"ಅವ್ವಾ, ಅಕಿಗೆ ಸುಮ್ಮನಿರಾಕ ಹೇಳು," ಎಂದು ಮಗಳು ಕೂಗಿದಳು.

"ಎದ್ದರ ಏಳಲಿ. ಅಕಿ ನಗೂದ ಕೇಳಿ ಎಷ್ಟ ದಿನ ಆತು," ಎಂದೆ.

ಅಂದಿನಿಂದ ಸಂಜೆಯಾದರೆ ಓದು. ಇವರು ಬೇರೆ ಪುಸ್ತಕಗಳನ್ನೂ ತಂದರು. ಆನೆ, ನರಿ, ಹಲ್ಲಿಲ್ಲದ ಹುಲಿ. ಹುಡುಗಿಗೆ ಮಾತ್ರ ಎಮ್ಮೆಯೇ ಬೇಕು. ಅವಳು ಕುಳಿತುಕೊಳ್ಳುವ ಜಾಗ ಚಾಪೆಯ ಅಂಚಿನಿಂದ ನಡುವಿನವರೆಗೆ ಬಂದಿತ್ತು. ಅವರನ್ನು ಮುಟ್ಟುವಷ್ಟು ಹತ್ತಿರ ಇನ್ನೂ ಬಂದಿರಲಿಲ್ಲ.

ಆಮೇಲೊಂದು ದಿನ ಪ್ಯಾಟಿಗೆ ರಜೆ. ಇವರು ಕಡಲೆಹಿಟ್ಟು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದರು. ಇವತ್ತು ಪುಸ್ತಕ ತಾವೇ ಹಿಡಿಯುತ್ತಾರೆ, ಹುಡುಗಿಯನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ ಎಂದು ಅಡುಗೆಮನೆಯಿಂದಲೇ ಕಾಯುತ್ತಿದ್ದೆ. ಸಂಜೆ ನೋಡಿದರೆ ಕೈ ಮತ್ತೆ ತೊಡೆಯ ಕೆಳಗೆ. ನನಗೆ ಸಿಟ್ಟೇ ಬಂತು. ಹೊಸ್ತಿಲಿಗೆ ಬಂದು ಕಣ್ಣಲ್ಲೇ ಗದರಿದೆ. ಅವರು ನನ್ನನ್ನು ನೋಡಿ, ಮುಖ ತಗ್ಗಿಸಿಕೊಂಡರು. ಆಗ ತಿಳಿಯಿತು. ಕೈ ಹಸನಾಗಿದೆ ಎಂದರೆ ಪುಟ ತಿರುವಲು ಅವಳು ಬೇಕಾಗುವುದಿಲ್ಲ. ಎದ್ದು ಮತ್ತೆ ಕಂಬದ ಹತ್ತಿರ ಹೋಗಿಬಿಟ್ಟರೆ ಎಂಬ ಭಯ ಅವರಿಗೆ.

"ಅಜ್ಜಾ, ಇವತ್ತ ಪ್ಯಾಟಿ ಇಲ್ಲಲ್ಲ," ಎಂದಳು ಹುಡುಗಿ. "ಇನ್ನೂ ಉರೀತಾವೇನು ಕೈ?"

"ಹೂಂ," ಎಂದರು. "ಸ್ವಲ್ಪ ಉರೀತಾವ."

ಅವಳು ಸರಿದು ಬಂದು, ತೊಡೆಯ ಕೆಳಗಿನಿಂದ ಒಂದು ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬೆರಳು ಬೆರಳಿಗೂ ಉಫ್ ಉಫ್ ಎಂದು ಊದಿದಳು. ಆಮೇಲೆ ಆ ಕೈ ಬಿಡದೆಯೇ, ಇನ್ನೊಂದು ಕೈಯಿಂದ ಪುಟ ತಿರುವಿ, "ಓದು ಮತ್ತ," ಎಂದಳು.

ಅವರಿಗೆ ಓದಲಾಗಲಿಲ್ಲ. ಆ ಪುಟ ನಾನು ಓದಿದೆ.