ಪಂಕ್ತಿಯಿಂದ ಎದ್ದ ಬ್ರಿಗೇಡಿಯರ್

ನನ್ನ ತಟ್ಟೆಯಲ್ಲಿ ಇನ್ನೂ ಅರ್ಧ ಅನ್ನವಿತ್ತು. ಬಿಳಿ ಕೈಗವಸಿನ ಆಳು ಬಂದು ಅದನ್ನು ಎತ್ತಿಕೊಂಡು ಹೋದ. ಪತ್ರಿಕೆಯ ಕೆಲಸಕ್ಕೆಂದು ದಿಲ್ಲಿಗೆ ಬಂದ ಮೊದಲ ಚಳಿಗಾಲ ಅದು. ಸೇನೆಯ ಮೆಸ್ಸಿಗೆ, ಅಂದರೆ ಅಧಿಕಾರಿಗಳ ಊಟದ ಮನೆಗೆ, ನನ್ನನ್ನೂ ಕರೆದಿದ್ದರು. ನಮ್ಮ ಯಳಂದೂರಿನಲ್ಲಿ ಉಣ್ಣುವವನ ಎಲೆಗೆ ಕೈಹಾಕಿದರೆ ಹೊಡೆದಾಟವಾಗುತ್ತದೆ. ಇಲ್ಲಿ ಯಾರೂ ತಲೆ ಎತ್ತಲಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ಬ್ರಿಗೇಡಿಯರ್ ಮಾದಪ್ಪನವರು ಚಮಚ ಕೆಳಗಿಟ್ಟಿದ್ದರು. ಹಿರಿಯ ಅಧಿಕಾರಿಯ ಊಟ ಮುಗಿದರೆ ಎಲ್ಲರದೂ ಮುಗಿದಂತೆ.

ಹೊರಗೆ ಬಂದಾಗ ಅವರು ನನ್ನ ಊರು ಕೇಳಿದರು. ಹೇಳುತ್ತಲೇ ಅವರ ಇಂಗ್ಲಿಷ್ ನಿಂತುಹೋಯಿತು.

"ನಾನು ಕೊಳ್ಳೇಗಾಲದ ಪಕ್ಕದ್ ಧನಗೆರೆಯೋನು ಕಣ್ಲಾ! ಒಟ್ಟೆ ತುಂಬ್ತಾ?"

"ನೀವು ವಸಿ ಮೆಲ್ಗೆ ಉಂಡಿದ್ರೆ ತುಂಬೋದು ಸಾ."

ಅವರು ನಕ್ಕರು. "ಭಾನ್ವಾರ ಮನೆಗೆ ಬಾ. ರಾಗಿ ಇಟ್ಟು ಮಾಡುಸ್ತೀನಿ."

ನಾನಿದ್ದದ್ದು ಬರ್ಸಾತಿಯಲ್ಲಿ, ತಾರಸಿಯ ಮೇಲಿನ ಒಂಟಿ ಕೋಣೆಗೆ ಇಲ್ಲಿ ಹಾಗೆನ್ನುತ್ತಾರೆ. ಕೊಳ್ಳೇಗಾಲದ ಸಂತೆಯಲ್ಲಿ ಕನ್ನಡ, ತಮಿಳು ಎರಡರಲ್ಲೂ ಚೌಕಾಶಿ ಮಾಡುತ್ತಿದ್ದ ನಾಲಿಗೆ ಇಲ್ಲಿ ಹಾಲು ಕೇಳಲೂ ತಡವರಿಸುತ್ತಿತ್ತು. ಬೆರಳಲ್ಲಿ ತೋರಿಸದೆ ತರಕಾರಿ ಕೊಂಡ ದಿನ ಗೆದ್ದವನಂತೆ ಮೆಟ್ಟಿಲು ಹತ್ತಿದೆ. ಭಾನುವಾರಗಳು ಮಾತ್ರ ಮಾದಪ್ಪನವರ ಬಂಗಲೆಯಲ್ಲಿ. ಅವರು ಸೇನೆ ಸೇರಿದಾಗ ಧನಗೆರೆ ಮದ್ರಾಸಿಗೆ ಸೇರಿತ್ತು. ಅದು ಮೈಸೂರಿಗೆ ಬಂದಾಗ ಅವರು ಗಡಿಯ ಹಿಮದಲ್ಲಿದ್ದರು. "ಊರೇ ರಾಜ್ಯ ಬದಲಾಯ್ಸ್ಕತ್ತು. ನಂಗೆ ರೇಡಿಯೋ ಯೇಳ್ತು," ಎನ್ನುತ್ತಿದ್ದರು.

ನಿವೃತ್ತಿ ಹತ್ತಿರವಾಗಿತ್ತು. ಜೊತೆಯ ಅಧಿಕಾರಿಗಳು ಡೆಹ್ರಾಡೂನಿನಲ್ಲಿ ನಿವೇಶನ ನೋಡುತ್ತಿದ್ದರು. ಮಾದಪ್ಪನವರಿಗೆ ಧನಗೆರೆಯೇ ಬೇಕಿತ್ತು, ಆದರೆ ಅಳುಕು. ಹಿಂದಿನ ರಜೆಯಲ್ಲಿ ಅಣ್ಣನ ಮಗಳ ಮದುವೆಗೆ ಹೋದಾಗ ಮೆಸ್ಸಿನ ಅಭ್ಯಾಸದಲ್ಲಿ ಬೇಗ ಉಂಡು ಪಂಕ್ತಿಯಿಂದ ಎದ್ದುಬಿಟ್ಟಿದ್ದರು. ನಮ್ಮಲ್ಲಿ ಹಿರಿಯರು ಉಣ್ಣುತ್ತಿರುವಾಗ ಕಿರಿಯರು ಏಳುವಂತಿಲ್ಲ. ಆದರೆ ಎದ್ದವರು ದೊಡ್ಡ ಸಾಹೇಬರು. ಸಾಲಿಗೆ ಸಾಲೇ ಅನ್ನ ಬಿಟ್ಟು ಎದ್ದಿತು.

"ಅಣ್ಣನೂ ಎದ್ಬುಟ್ಟ ಕಣ್ಲಾ. 'ಏಳ್ರಪ್ಪಾ, ಸಾಯೇಬ್ರುದು ಆಯ್ತು' ಅಂದ. ಬಯ್ದಿದ್ರೆ ತಡ್ಕಬೋದಿತ್ತು."

ನಮ್ಮ ಭಾನುವಾರದ ಊಟ ಅವರಿಗೆ ಕವಾಯತಾಯಿತು. ನನ್ನ ತುತ್ತು ನೋಡಿಕೊಂಡು ತಮ್ಮ ತುತ್ತು ಮುರಿಯುತ್ತಿದ್ದರು. ಆದರೂ ಮೊದಲು ಬರಿದಾಗುತ್ತಿದ್ದದ್ದು ಅವರ ತಟ್ಟೆಯೇ.

ಅವರು ಧನಗೆರೆಗೆ ಹಿಂದಿರುಗಿದ ಮೇಲೆ ರಜೆಯಲ್ಲಿ ಒಮ್ಮೆ ಹೋದೆ. ಅವರು, ಅವರ ಅಣ್ಣ, ನಾನು ಊಟಕ್ಕೆ ಕೂತೆವು. ಮಾದಪ್ಪನವರ ಎಲೆ ಬೇಗ ಖಾಲಿಯಾಯಿತು. ಅವರು ಏಳಲಿಲ್ಲ. ಎಂಜಲು ಕೈ ಒಣಗುತ್ತಿದ್ದರೂ ಅಣ್ಣನ ಎಲೆಯನ್ನೇ ನೋಡುತ್ತ ಕೂತರು. ಅಣ್ಣ ಅದನ್ನು ಓರೆಗಣ್ಣಲ್ಲಿ ಗಮನಿಸಿ ಒಳಗೆ ಕೂಗಿದರು:

"ನಮ್ ಉಡ್ಗಂಗೆ ಇನ್ನೊಂದು ಇಟ್ಟು ಆಕ್ರವ್ವಾ!"

ಬ್ರಿಗೇಡಿಯರ್ ಬೇಡವೆನ್ನಲಿಲ್ಲ.

ಸಂಜೆ ನನ್ನನ್ನು ಬಸ್ಸು ಹತ್ತಿಸಲು ಇಬ್ಬರೂ ಕೊಳ್ಳೇಗಾಲಕ್ಕೆ ಬಂದರು. ಹೊರಡುವ ಹೊತ್ತಿಗೆ ಮಾದಪ್ಪನವರು ಕಿಟಕಿಯ ಹತ್ತಿರ ಬಂದು, ದಿಲ್ಲಿಯಲ್ಲಿ ಚಳಿ ಶುರುವಾಯಿತೇ ಎಂದು ಕೇಳಿದರು. ಕೇಳಿದ್ದು ಹಿಂದಿಯಲ್ಲಿ. ನಾನೂ ಯೋಚಿಸದೆ ಹಿಂದಿಯಲ್ಲೇ ಉತ್ತರಿಸಿದೆ. ಹಿಂದಿ ಬಾರದ ಅಣ್ಣ ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದರು.