ಸೊನ್ನೆ ತೋರಿಸಿದ ನೀರು

ನಮ್ಮ ಮನೆಯ ಹಿಂಬದಿಯ ಬಾಲ್ಕನಿಯಲ್ಲಿ ನಾನು ತಯಾರಿಸುವ ನೀರು ಸೊನ್ನೆಯನ್ನು ತೋರಿಸುತ್ತದೆ. ಈ ಮಾತನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ವಿನಯದ ಸೋಗು ಹಾಕುವ ವಯಸ್ಸನ್ನು ನಾನು ದಾಟಿದ್ದೇನೆ. ನೀರಿನಲ್ಲಿ ಕರಗಿರುವ ಲವಣಗಳನ್ನು ಅಳೆಯುವ, ಲೇಖನಿಯಷ್ಟೇ ಗಾತ್ರದ ಒಂದು ಮಾಪಕವಿದೆ. ದೆಹಲಿಯ ಅಂಚಿನ ಇಂದಿರಾಪುರಂನಲ್ಲಿರುವ ನಮ್ಮ ಸೊಸೈಟಿಯ ನಲ್ಲಿಯ ಕೆಳಗೆ ಅದನ್ನು ಹಿಡಿದರೆ ಒಂಬೈನೂರರ ಆಸುಪಾಸಿನ ಅಂಕಿ ಮೂಡುತ್ತದೆ. ಅಡುಗೆಮನೆಯಲ್ಲಿ ಕುಡಿಯುವ ನೀರಿಗೆಂದು ಗೋಡೆಗೆ ತೂಗುಹಾಕಿರುವ ಯಂತ್ರದ ನೀರಿನಲ್ಲಿ ಎಂಬತ್ತು. ನನ್ನ ನೀರಿನಲ್ಲಿ ಸೊನ್ನೆ.

ದೆಹಲಿಯ ಒಂದು ವಿದ್ಯಾಸಂಸ್ಥೆಯಲ್ಲಿ ಮೂರು ದಶಕಗಳಿಗೂ ಮಿಕ್ಕು ಸಂಸ್ಕೃತವನ್ನು ಪಾಠ ಹೇಳಿ ನಿವೃತ್ತನಾದವನು ನಾನು. ಈಗ ಮಗಳು, ಅಳಿಯ, ಮೊಮ್ಮಗಳೊಡನೆ ಹನ್ನೊಂದನೆಯ ಮಹಡಿಯಲ್ಲಿದ್ದೇನೆ. ಪದಾರ್ಥಗಳ ಲಕ್ಷಣ ಹೇಳುವುದರಲ್ಲಿ ಆಯುಷ್ಯವನ್ನು ಕಳೆದ ನನಗೆ ಒಂದು ಕೊಳಾಯಿಯ ತಿರುಪನ್ನು ಬಿಗಿ ಮಾಡುವ ಪ್ರಸಂಗ ಬಂದಿರಲಿಲ್ಲ. ಅದನ್ನು ತಂದವಳು ಮೊಮ್ಮಗಳು. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ದೆಹಲಿಯಲ್ಲೇ ಬೆಳೆದ ಹುಡುಗಿ; ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ನಡುನಡುವೆ ಹಿಂದಿ ನುಸುಳುತ್ತದೆ.

ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಇಟ್ಟು, ಅದರಲ್ಲಿ ಸಮುದ್ರದ ಮೀನು ಸಾಕಬೇಕೆಂಬುದು ಅವಳ ಆಸೆಯಾಗಿತ್ತು. ಮೊದಲ ಸಲ ಅಡುಗೆಮನೆಯ ಯಂತ್ರದ ನೀರಿಗೇ ಅಂಗಡಿಯ ಸಮುದ್ರದುಪ್ಪನ್ನು ಬೆರೆಸಿ ತುಂಬಿದಳು. ಎರಡೇ ತಿಂಗಳಲ್ಲಿ ಕಂದುಬಣ್ಣದ ಪಾಚಿ ಗಾಜನ್ನೆಲ್ಲ ಆವರಿಸಿತು. ಮೀನುಗಳು ಒಂದೊಂದಾಗಿ ಹೋದವು. ಮಗಳು ಆಗ ಒಂದು ನಿಯಮ ಮಾಡಿದಳು. "ಇನ್ನೊಂದೇ ಒಂದು ಸಲ. ಈ ಸಲ ಒಂದು ಜೀವ ಹೋದರೂ ಈ ಗಾಜಿನ ಡಬ್ಬ ಗುಜರಿಗೆ, ಕಬಾಡಿಯವನಿಗೆ. ಸಾಯಿಸೋದಕ್ಕೆ ಸಾಕಬೇಡ." ನಿಯಮ ನ್ಯಾಯವಾದದ್ದೇ ಆಗಿತ್ತು. ಮೊಮ್ಮಗಳು ಎರಡು ದಿನ ಊಟದ ಮೇಜಿನಲ್ಲಿ ಯಾರ ಮುಖವನ್ನೂ ನೋಡಲಿಲ್ಲ.

ಮೂರನೆಯ ದಿನ ಅವಳು ನನ್ನ ಪಕ್ಕದಲ್ಲಿ ಕುಳಿತು ದೋಷವೆಲ್ಲಿತ್ತೆಂದು ವಿವರಿಸಿದಳು. ಕುಡಿಯುವ ನೀರಿನಲ್ಲಿ ರುಚಿಗೆಂದು ಸ್ವಲ್ಪ ಲವಣವನ್ನು ಉಳಿಸಿರುತ್ತಾರೆ. ನಮಗೆ ಹಿತವಾದ ಆ ಶೇಷವೇ ತೊಟ್ಟಿಯಲ್ಲಿ ಪಾಚಿಗೆ ಗೊಬ್ಬರವಾಗುತ್ತದೆ. ಮೊದಲು ನೀರಿನಿಂದ ಸಮಸ್ತವನ್ನೂ ತೆಗೆಯಬೇಕು. ಆಮೇಲೆ ಅಳೆದು ಉಪ್ಪು ಹಾಕಬೇಕು. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಅವಳಿಗೆ ಪರೀಕ್ಷೆ ಹತ್ತಿರವಾಗಿತ್ತು, ಬೇಸಗೆಯಲ್ಲಿ ಐದು ವಾರ ಸಮುದ್ರತೀರಕ್ಕೆ ತರಬೇತಿಗೆ ಹೋಗುವುದೂ ಇತ್ತು.

"ನಾನು ಮಾಡುತ್ತೇನೆ" ಎಂದೆ.

"ತಾತ, ಇದು ರೋಜ್ ಕಾ ಕಾಮ್. ಒಂದಿನಾನೂ ತಪ್ಪಿಸೋ ಹಾಗಿಲ್ಲ."

"ಸಂಧ್ಯಾವಂದನೆಯೂ ಹಾಗೆಯೇ ಅಮ್ಮ. ಅರವತ್ತು ವರ್ಷದಿಂದ ನಡೆದಿದೆ."

"ಅದರಲ್ಲಿ ಪೈಪ್ ಇಲ್ಲ ತಾತ."

ಮೆಟ್ರೋದಲ್ಲಿ ಲಕ್ಷ್ಮೀ ನಗರಕ್ಕೆ ಹೋದೆ. ಕೋಚಿಂಗ್ ತರಗತಿಗಳ ಫಲಕಗಳ ಕೆಳಗೆ, ನೀರಿನ ಯಂತ್ರಗಳ ಬಿಡಿಭಾಗ ಮಾರುವ ಸಣ್ಣ ಅಂಗಡಿಯೊಂದನ್ನು ಹುಡುಕಿ, ಮೊಮ್ಮಗಳು ಬರೆದುಕೊಟ್ಟ ಪಟ್ಟಿಯನ್ನು ಹಿಡಿದು ಒಂದೊಂದನ್ನೂ ಕೇಳಿ ತಂದೆ. ಮಣ್ಣನ್ನು ತಡೆಯುವ ಬಿಳಿಯ ನೂಲಿನ ಉರುಳೆ. ಕ್ಲೋರಿನ್ ಹೀರುವ ಇದ್ದಿಲಿನ ಉರುಳೆ. ಒತ್ತಡ ಕೊಡುವ ಪಂಪು. ಲವಣವನ್ನು ಹಿಂದಕ್ಕೆ ತಳ್ಳುವ ಪೊರೆ. ಕಟ್ಟಕಡೆಗೆ, ಉಳಿದ ಅಣುಮಾತ್ರವನ್ನೂ ಹಿಡಿದುಕೊಳ್ಳುವ ರಾಳದ ಮಣಿಗಳು ತುಂಬಿದ ಪಾರದರ್ಶಕ ಕೊಳವೆ. ಈ ಮಣಿಗಳು ಹೊಸತಿರುವಾಗ ನೀಲಿ. ಶಕ್ತಿ ತೀರಿದಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ಕ್ರಮ ತಪ್ಪಬಾರದು. ಇದ್ದಿಲಿಗಿಂತ ಮೊದಲು ಪೊರೆ ಬಂದರೆ ಕ್ಲೋರಿನ್ ಪೊರೆಯನ್ನು ತಿಂದುಬಿಡುತ್ತದೆ. ಇದನ್ನು ತಿಳಿದಾಗ ನನ್ನ ಮನಸ್ಸಿಗೆ ಸಮಾಧಾನವಾಯಿತು. ಪೂರ್ವೋತ್ತರ ಕ್ರಮವುಳ್ಳ ಯಾವ ವಿದ್ಯೆಯೂ ನನಗೆ ಪರಕೀಯವಲ್ಲ.

ನಲ್ಲಿಗೆ ಕವಲು ತೆಗೆಯಲು ಮಾತ್ರ ಪ್ಲಂಬರ್ ಭಯ್ಯಾ ಬಂದ. ಎಲ್ಲವನ್ನೂ ನೋಡಿ, "ಬಾಬೂಜಿ, ಮಛಲಿ ಕೇ ಲಿಯೇ ಇತನಾ? ಹಮ್ ತೋ ಸೀಧೇ ಟಂಕಿ ಕಾ ಪೀತೇ ಹೈಂ" ಎಂದ. ತಾನು ಮಹಡಿಯ ಟ್ಯಾಂಕಿನ ನೀರನ್ನು ನೇರವಾಗಿ ಕುಡಿಯುವವನು, ಮೀನಿಗೆ ಇಷ್ಟೆಲ್ಲ ಉಪಚಾರವೇ ಎಂಬುದು ಅವನ ಪ್ರಶ್ನೆ. ಅವನಿಗೆ ಒಂದು ಲೋಟ ಪಾನಕ ಕೊಟ್ಟೆ. ಅವನು ಹೋದ ಮೇಲೆ ಉಳಿದ ಜೋಡಣೆಯನ್ನೆಲ್ಲ ನಾನೇ ಮಾಡಿದೆ. ಎರಡು ಕಡೆ ಸೋರಿತು. ಬಿಚ್ಚಿ, ಬಿಳಿಯ ಟೇಪು ಸುತ್ತಿ, ಮತ್ತೆ ಬಿಗಿದೆ. ಹೊಸ ಪೊರೆಯ ಮೊದಲ ನೀರನ್ನು ಚೆಲ್ಲಬೇಕೆಂಬ ವಿಧಿಯಂತೆ ಚೆಲ್ಲಿದೆ. ಪೊರೆ ತಳ್ಳಿದ ಉಪ್ಪುನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಕೊಟ್ಟೆ. ಕೊನೆಗೆ ರಾಳದ ಕೊಳವೆಯಿಂದ ಹನಿಹನಿಯಾಗಿ ಇಳಿದ ನೀರಿಗೆ ಮಾಪಕವನ್ನು ಅದ್ದಿದೆ. ಅಂಕಿಗಳು ಒಂದಿಷ್ಟು ತಡಕಾಡಿ ಸೊನ್ನೆಯಲ್ಲಿ ನಿಂತವು.

ಪರೀಕ್ಷೆ ಮುಗಿಸಿ ಬಂದ ಮೊಮ್ಮಗಳು ಮಾಪಕವನ್ನು ಮೂರು ಸಲ ಒರೆಸಿ ಮೂರು ಸಲ ಅದ್ದಿದಳು. ಆಮೇಲೆ ಬಾಗಿ ನನ್ನ ಕಾಲು ಮುಟ್ಟಿದಳು. ಯುಗಾದಿಯ ದಿನ ತಾಯಿ ಕಣ್ಸನ್ನೆ ಮಾಡಿದರಷ್ಟೇ ಮುಟ್ಟುವ ಹುಡುಗಿ.

ಅನಂತರ ಅವಳು ತೊಟ್ಟಿಯ ನಿಯಮಗಳನ್ನು ಬರೆದು ಬಾಲ್ಕನಿಯ ಬಾಗಿಲಿಗೆ ಅಂಟಿಸಿದಳು. ಕೈಗೆ ಸೋಪು, ಕ್ರೀಮು, ಅತ್ತರು ಸೋಕಿರಬಾರದು. ಈ ನೀರಿನ ಬಕೆಟ್ಟು, ಮಗ್ಗು ಬೇರೆಯೇ ಇರಬೇಕು. ಮನೆಯ ಬೇರೆ ಕೆಲಸಕ್ಕೆ ಅವನ್ನು ಬಳಸಬಾರದು. ಕೈ ತೊಳೆಯದವರು ತೊಟ್ಟಿಯನ್ನು ಮುಟ್ಟಬಾರದು. ಓದಿ ನನಗೆ ನಗು ಬಂತು. "ಇದಕ್ಕೆ ನಮ್ಮಲ್ಲಿ ಮಡಿ ಎನ್ನುತ್ತಾರೆ" ಎಂದೆ.

"ಚಿಕ್ಕೋಳಿದ್ದಾಗ ಮಡಿ ಮಡಿ ಅಂತ ನನ್ನನ್ನ ದೇವರ ಕೋಣೆಯಿಂದ ಓಡಿಸ್ತಿದ್ರಿ. ಅಬ್ ಮೇರೀ ಬಾರೀ, ಈಗ ನನ್ನ ಸರದಿ. ತೊಟ್ಟಿ ಮುಟ್ಟೋಕೆ ಮುಂಚೆ ಕೈ ತೋರಿಸಿ."

ತೋರಿಸಿದೆ. ವಿಭೂತಿಯ ಪುಡಿಯಿತ್ತೆಂದು ವಾಪಸ್ಸು ಕಳಿಸಿದಳು.

ನೀರು ಹದಗೊಳ್ಳಲೆಂದು ಕೆಲವು ವಾರ ತೊಟ್ಟಿಯಲ್ಲಿ ಬರಿಯ ಉಪ್ಪುನೀರು, ಕಲ್ಲುಗಳು ಮಾತ್ರ. ಆಮೇಲೆ ಸಾಕಣೆಯಲ್ಲೇ ಹುಟ್ಟಿದ, ಬಿಳಿಪಟ್ಟೆಯ ಕಿತ್ತಳೆ ಮೀನುಗಳ ಜೋಡಿ ಬಂತು; ಅದರ ಹಿಂದೆಯೇ, ಕೆಂಪು ಬೆನ್ನಿನ ಮೇಲೆ ಬಿಳಿಯ ಗೆರೆಯೆಳೆದ ಒಂದು ಸೀಗಡಿ. ಆ ಪದವನ್ನು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಉಚ್ಚರಿಸಿರಲಿಲ್ಲ. ಮೀನು ಅದರ ಮುಂದೆ ಬಂದು ಅಲುಗಾಡದೆ ನಿಲ್ಲುತ್ತಿತ್ತು. ಅದು ತನ್ನ ನವುರಾದ ಕಾಲುಗಳಿಂದ ಮೀನಿನ ಮೈಯನ್ನು ಶುಚಿಮಾಡುತ್ತಿತ್ತು. ಇಷ್ಟು ತನ್ಮಯತೆಯ ಪರಿಚಾರಕನನ್ನು ನಾನು ದೊಡ್ಡ ದೇವಾಲಯಗಳಲ್ಲಿಯೂ ಹೆಚ್ಚಾಗಿ ಕಂಡಿಲ್ಲ. ಜಪ ಮುಗಿಸಿ ಅದರ ಮುಂದೆ ಸ್ವಲ್ಪ ಹೊತ್ತು ಕೂರುವುದು ನನಗೆ ರೂಢಿಯಾಯಿತು.

ಬೇಸಗೆಯಲ್ಲಿ ಮೊಮ್ಮಗಳು ತರಬೇತಿಗೆ ಹೊರಟಳು. ಬಿಸಿಗಾಳಿಯ ದಿನಗಳಲ್ಲಿ ತೊಟ್ಟಿಯ ನೀರು ದಿನಕ್ಕೆ ಎರಡು ಲೀಟರಿನಷ್ಟು ಆರುತ್ತದೆ. ಆರುವುದು ನೀರು ಮಾತ್ರ, ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಆರಿದಷ್ಟು ಸೊನ್ನೆಯ ಸಿಹಿನೀರನ್ನು ದಿನವೂ ಸುರಿಯಬೇಕು. "ತಾತ, ಅಮ್ಮನ ನಿಯಮ ನೆನಪಿದೆಯಲ್ಲ" ಎಂದಷ್ಟೇ ಹೇಳಿ ಲಿಫ್ಟಿನೊಳಗೆ ಹೋದಳು.

ಇನ್ನು ನನ್ನ ಅಪರಾಧವನ್ನು ಹೇಳಬೇಕು.

ಮೊಮ್ಮಗಳು ಆ ನೀರನ್ನು ಹಿಡಿದಿಡಲು ನೀಲಿಯ ಪ್ಲಾಸ್ಟಿಕ್ ಡ್ರಮ್ಮೊಂದನ್ನು ತಂದಿದ್ದಳು. ಅದು ನನ್ನ ಕಣ್ಣಿಗೆ ಮೊದಲಿನಿಂದಲೂ ಚುಚ್ಚುತ್ತಿತ್ತು. ನಲ್ಲಿಯಿಂದ ಸೊನ್ನೆಯವರೆಗೆ ಇಷ್ಟು ಸಂಸ್ಕಾರ ಪಡೆದ ನೀರು, ಕಡೆಗೆ ಪ್ಲಾಸ್ಟಿಕ್ಕಿನಲ್ಲಿ ಇರುವುದೆಂದರೇನು? ನನ್ನ ತಾಯಿಯ ತಾಮ್ರದ ಬಿಂದಿಗೆ ಅಟ್ಟದ ಮೇಲಿತ್ತು. ನಾನು ದೆಹಲಿಗೆ ಕೆಲಸಕ್ಕೆ ಬಂದಾಗ ದೇವರ ನೀರಿಗೆಂದು ಅವರು ಕೊಟ್ಟು ಕಳಿಸಿದ್ದು. ಅದನ್ನು ಇಳಿಸಿ, ಹುಣಿಸೆಹಣ್ಣು ಹಚ್ಚಿ ಉಜ್ಜಿ ಥಳಥಳಿಸುವಂತೆ ಮಾಡಿದೆ. ಬೆಳಿಗ್ಗೆ ಸ್ನಾನ ಮುಗಿಸಿ, ಮಡಿಯುಟ್ಟು, ನದಿಗಳನ್ನು ಆವಾಹಿಸುವ ಶ್ಲೋಕವನ್ನು ಹೇಳಿ ನೀರನ್ನು ಅದರಲ್ಲಿ ತುಂಬಿದೆ. ಮರುದಿನ ಅದನ್ನೇ ತೊಟ್ಟಿಗೆ ಸುರಿದೆ. ಹೀಗೆ ಮೂರು ದಿನ. ಆ ಮೂರು ದಿನವೂ ನಾನು ಬಹಳ ಸಂತೃಪ್ತನಾಗಿದ್ದೆ.

ನಾಲ್ಕನೆಯ ದಿನ ಮಗಳು ಕಾಫಿ ಕುಡಿಯುತ್ತ ಕೇಳಿದಳು: "ಅಪ್ಪ, ನಿಮ್ಮ ಪರಿಚಾರಕ ಯಾಕೆ ಮೂಲೆ ಹಿಡಿದು ಕೂತಿದ್ದಾನೆ?"

ಸೀಗಡಿ ಕಲ್ಲಿನ ಅಡಿಯಲ್ಲಿ ಮುದುಡಿಕೊಂಡಿತ್ತು. ಮೀಸೆಗಳು ಜೋತುಬಿದ್ದಿದ್ದವು. ಮೀನು ಎದುರಿಗೆ ಬಂದು ನಿಂತರೂ ಅಲುಗಲಿಲ್ಲ. ಆಹಾರ ಮುಂದೆಯೇ ತೇಲಿಹೋಯಿತು.

ಬಿಂದಿಗೆಯ ನೀರಿಗೆ ಮಾಪಕವನ್ನು ಅದ್ದಿದೆ. ಮೂರು. ಯಂತ್ರದಿಂದ ಆಗತಾನೆ ಇಳಿಯುತ್ತಿದ್ದ ನೀರಿಗೆ ಅದ್ದಿದೆ. ಸೊನ್ನೆ. ಮಾಪಕ ಕೆಟ್ಟಿರಬಹುದೆಂದುಕೊಂಡೆ, ಬಾಲ್ಕನಿಯ ಧೂಳನ್ನು ಶಂಕಿಸಿದೆ. ಬಿಂದಿಗೆಯನ್ನು ಮಾತ್ರ ಶಂಕಿಸಲು ಮನಸ್ಸು ಬರಲಿಲ್ಲ. ಆದರೆ ಒಂದು ಇದ್ದಾಗ ಇನ್ನೊಂದು ಇರುತ್ತದೆಯೇ, ಅದು ಇಲ್ಲದಾಗ ಇದೂ ಇಲ್ಲವಾಗುತ್ತದೆಯೇ ಎಂದು ನೋಡಿಯೇ ಕಾರಣವನ್ನು ನಿಶ್ಚಯಿಸಬೇಕೆಂದು ವಿದ್ಯಾರ್ಥಿಗಳಿಗೆ ಜೀವನವಿಡೀ ಹೇಳಿದವನು ನಾನು. ಗಾಜಿನ ಲೋಟ, ಸ್ಟೀಲಿನ ಲೋಟ, ತಾಮ್ರದ ಪಂಚಪಾತ್ರೆ ಮೂರನ್ನೂ ಸಾಲಾಗಿ ಇಟ್ಟು ಒಂದೇ ನೀರನ್ನು ತುಂಬಿ ಮುಚ್ಚಿದೆ. ಸಂಜೆ ದೀಪ ಹಚ್ಚುವ ಮೊದಲು ಅಳೆದೆ. ಗಾಜಿನಲ್ಲಿ ಸೊನ್ನೆ, ಸ್ಟೀಲಿನಲ್ಲಿ ಸೊನ್ನೆ, ತಾಮ್ರದಲ್ಲಿ ಎರಡು. ತನ್ನದೆಂಬುದು ಏನೂ ಇಲ್ಲದ ಆ ನೀರು, ಇಟ್ಟ ಪಾತ್ರೆಯನ್ನೇ ಕರಗಿಸಿಕೊಳ್ಳುತ್ತಿತ್ತು.

ಮೊಮ್ಮಗಳಿಗೆ ಫೋನ್ ಮಾಡಿ ನಡೆದುದನ್ನೆಲ್ಲ ಹೇಳಿದೆ. ಆ ಕಡೆ ಅಲೆಗಳ ಸದ್ದಿತ್ತು.

"ತಾಮ್ರದ ಬಿಂದಿಗೆ" ಎಂದಳು. "ತಾತ, ಮೀನು ಸಹಿಸ್ಕೊಳ್ಳತ್ತೆ. ಸೀಗಡಿಗೆ ಅದು ವಿಷ."

"ನೀನು ಬರೆದುಕೊಟ್ಟದ್ದರಲ್ಲಿ ಇರಲಿಲ್ಲವಲ್ಲ ಅಮ್ಮ."

"ಯಾರು ಬರೀತಾರೆ ತಾತ? ಅಕ್ವೇರಿಯಂ ನೀರನ್ನ ಹುಣಿಸೆಹಣ್ಣಲ್ಲಿ ತೊಳೆದ ಬಿಂದಿಗೇಲಿ ಇನ್ಯಾರು ಇಡ್ತಾರೆ?" ಸ್ವರದಲ್ಲಿ ಬೈಗುಳ ಇರಲಿಲ್ಲ. "ಅಚ್ಛಾ, ಕೇಳಿ. ಇವತ್ತೇ ಕಾಲು ಭಾಗ ನೀರು ಬದಲಾಯಿಸಿ. ನಾಡಿದ್ದು ಇನ್ನೊಂದ್ಸಲ. ಇದ್ದಿಲಿನ ಚೀಲ ಫಿಲ್ಟರಲ್ಲಿ ಇಡಿ. ಉಪ್ಪು ಅಳೆಯೋಕೆ ಬರತ್ತಲ್ಲ?"

"ಬರುತ್ತದೆ."

ಯಂತ್ರವನ್ನು ಚಾಲೂ ಮಾಡಿದೆ. ನೀಲಿ ಡ್ರಮ್ಮನ್ನು ಒಳಗೆ ತಂದು ನಾನೇ ತೊಳೆದೆ. ನೀರು ತುಂಬಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಉಪ್ಪು ಬೆರೆಸಿ, ಕಲಕಿ, ಉಪ್ಪಿನ ಸಾಂದ್ರತೆ ತೋರಿಸುವ ಪುಟ್ಟ ದುರ್ಬೀನಿನಂಥ ಮಾಪಕವನ್ನು ಬೆಳಕಿಗೆ ಹಿಡಿದು ನೋಡಿ, ಹದ ಬಂದ ಮೇಲೆ ಬದಲಾಯಿಸಿದೆ. ಆಮೇಲೆ ಮಗಳ ಬಳಿಗೆ ಹೋಗಿ ಹೇಳಿದೆ: "ಆ ಸೀಗಡಿ ಸತ್ತರೆ ದೋಷ ನನ್ನದು, ಅವಳದಲ್ಲ. ನಿನ್ನ ನಿಯಮವನ್ನು ಅವಳಿಗೆ ಅನ್ವಯಿಸಬೇಡ."

"ನಿಯಮದಲ್ಲಿ ಯಾರ ಕೈಯಿಂದ ಅಂತ ಇರಲಿಲ್ಲ ಅಪ್ಪ" ಎಂದಳು. ನನ್ನ ಮಗಳಲ್ಲವೇ, ವಾಕ್ಯಾರ್ಥವನ್ನು ಬಿಟ್ಟುಕೊಡುವವಳಲ್ಲ. ನಂತರ ಅವಳೇ ಹಳೆಯ ನೀರಿನ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಚೆಲ್ಲಿ ಬಂದಳು.

ಒಂದು ದಿನ ಬಿಟ್ಟು ಮತ್ತೆ ನೀರನ್ನು ಬದಲಾಯಿಸಿದೆ. ಅದರ ಮರುದಿನ ಬೆಳಿಗ್ಗೆ ಮರಳಿನ ಮೇಲೆ ಸೀಗಡಿ ಬಿದ್ದಿತ್ತು. ಬಣ್ಣ ಮಾಸಿ, ಪಾರದರ್ಶಕವಾಗಿ, ಒಂದು ಪಕ್ಕಕ್ಕೆ ಒರಗಿತ್ತು. ಅರ್ಘ್ಯ ಕೊಡಲು ಹೊರಟಿದ್ದವನು ಅಲ್ಲಿಯೇ ಕುಳಿತೆ. ಆ ಹುಡುಗಿಗೆ ಯಾವ ಮಾತಿನಿಂದ ಹೇಳಲಿ ಎಂದು ಯೋಚಿಸಿದೆ. ಮಗಳನ್ನು ಕರೆದೆ.

ಅವಳು ಬಾಗಿ ಗಾಜಿಗೆ ಮುಖವಿಟ್ಟು ಬಹಳ ಹೊತ್ತು ನೋಡಿದಳು. "ಅಪ್ಪ" ಎಂದಳು, "ಸತ್ತವನು ಆ ಕಲ್ಲಿನ ಹಿಂದೆ ಓಡಾಡ್ತಿದ್ದಾನೆ ನೋಡಿ."

ಮರಳಿನ ಮೇಲೆ ಬಿದ್ದಿದ್ದುದು ಬರಿಯ ಹೊರಕವಚ. ಸೀಗಡಿಗಳು ಬೆಳೆದಂತೆ ಹಳೆಯ ಚಿಪ್ಪನ್ನು ಕಳಚುತ್ತವೆಂದು ಆಮೇಲೆ ಮೊಮ್ಮಗಳು ಹೇಳಿದಳು. ಕಲ್ಲಿನ ಹಿಂದೆ ಅದು ಹೊಸ ಕೆಂಪಿನಲ್ಲಿ, ಮೀಸೆಗಳನ್ನು ಎತ್ತಿ, ನಾಚಿದಂತೆ ನಿಂತಿತ್ತು. ಎರಡು ದಿನಗಳಲ್ಲಿ ಹೊರಗೆ ಬಂದು ತನ್ನ ಸೇವೆಗೆ ತೊಡಗಿತು. ಪೂಜೆಯಲ್ಲಿ ಆ ದಿನ ಒಂದು ತೆಂಗಿನಕಾಯಿ ಹೆಚ್ಚಾಗಿ ಒಡೆದೆ.

ಐದು ವಾರ ಕಳೆದು ಮೊಮ್ಮಗಳು ಬಂದಳು. ಚೀಲವನ್ನು ಇಳಿಸಿ, ಕೈ ತೊಳೆದು, ಮೊದಲು ಡ್ರಮ್ಮಿನ ನೀರನ್ನು ಅಳೆದಳು. ಸೊನ್ನೆ. ಮಣಿಗಳ ಬಣ್ಣವನ್ನು ನೋಡಿದಳು. ಆಮೇಲೆ ತೊಟ್ಟಿಯ ಮುಂದೆ ಕುಳಿತು ಒಂದು, ಎರಡು, ಮೂರು ಎಂದು ಎಣಿಸಿದಳು. ಎದ್ದು ಬಾಗಿಲ ಮೇಲಿನ ನಿಯಮಗಳ ಕೆಳಗೆ, ನಾನು ಕಲಿಸಿದ ಅಕ್ಷರಗಳಲ್ಲಿ, ತಾಮ್ರ ಕೂಡದು ಎಂದು ಸೇರಿಸಿದಳು. ಅಟ್ಟಕ್ಕೆ ಮರಳಿಸಿದ್ದ ಬಿಂದಿಗೆಯನ್ನು ಇಳಿಸಿ ದೇವರ ಕೋಣೆಯಲ್ಲಿಟ್ಟವಳೂ ಅವಳೇ. ಈಗ ನಾನು ಬೆಳಿಗ್ಗೆ ಎರಡು ನೀರುಗಳನ್ನು ತುಂಬುತ್ತೇನೆ: ದೇವರಿಗೆ ತಾಮ್ರದಲ್ಲಿ, ಜೀವಗಳಿಗೆ ನೀಲಿ ಡ್ರಮ್ಮಿನಲ್ಲಿ. ಎರಡಕ್ಕೂ ಶ್ಲೋಕ ಒಂದೇ.

ಕಳೆದ ವಾರ ಕೆಳಗಿನ ಮಹಡಿಯವರು ತೊಟ್ಟಿಯನ್ನು ನೋಡಲು ಬಂದಿದ್ದರು. ನಾನು ಒಳಗೆ ಪಾರಾಯಣದಲ್ಲಿದ್ದೆ. ಮಗಳು ಅವರನ್ನು ಬಾಗಿಲಲ್ಲಿಯೇ ತಡೆದು ಹಿಂದಿಯಲ್ಲಿ ಹೇಳುವುದು ಕೇಳಿಸಿತು: ದೂರದಿಂದ ನೋಡಿ, ಕೈ ತೊಳೆಯದೆ ಮುಟ್ಟಬೇಡಿ, ಇದು ನಮ್ಮ ತಂದೆಯ ನೀರು.

ಒಂದು ಶ್ಲೋಕ ಹೇಳುವಷ್ಟು ಹೊತ್ತು ನನ್ನ ಪಾರಾಯಣ ನಿಂತಿತು. ಆಮೇಲೆ ಮುಂದುವರಿಸಿದೆ.