ಕಾರಿನ ಹಿಂದೆ ಒಂದು ಬಕೆಟ್ ನೀರು

ನಮ್ಮ ಕಾರು ಏರ್‌ಪೋರ್ಟಿಗೆ ಹೊರಟಿತ್ತಷ್ಟೇ, ಹಿಂದಿನಿಂದ ರಪ್ಪನೆ ಒಂದು ಬಕೆಟ್ ನೀರು ಬಿತ್ತು. ತಿರುಗಿದರೆ, ದೋಹಾದ ಅಲ್ ಸದ್ದ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಟರ್ಕಿಯ ಫಾತ್ಮಾ, ಖಾಲಿ ಬಕೆಟ್ ಹಿಡಿದು ಕೈಬೀಸುತ್ತಿದ್ದಳು. ಎಂಥ ಅದ್ದೂರಿ ಬೀಳ್ಕೊಡುಗೆ!

ಮೂರು ತಿಂಗಳು ನಮ್ಮೊಂದಿಗಿದ್ದು ಉಡುಪಿಗೆ ಹೊರಟಿದ್ದ ಅಮ್ಮ ಸಿಡಿದರು. "ಹೆಣ ಎತ್ತಿದ ಮೇಲಲ್ವಾ ಹಿಂದಿನಿಂದ ನೀರು ಹಾಕುವುದು? ನಾನಿನ್ನೂ ಸತ್ತಿಲ್ಲ ಮಾರಾಯ್ತಿ!"

ಅಮ್ಮನನ್ನು ವಿಮಾನ ಹತ್ತಿಸಿ ಬಂದವಳೇ ಜಗಳಕ್ಕೆ ಹೋದೆ. ಫಾತ್ಮಾ ಹರಕು ಇಂಗ್ಲಿಷಿನಲ್ಲಿ ಹೇಳಿದಳು: "ನೀರಿನ ಹಾಗೆ ಸಲೀಸಾಗಿ ಹೋಗಲಿ, ಹಾಗೇ ವಾಪಸ್ ಬರಲಿ ಅಂತ. ನಮ್ಮಲ್ಲಿ ಬೇಕಾದವರಿಗೆ ಮಾತ್ರ ಹಾಕುತ್ತೇವೆ." ಜಗತ್ತಿನ ಶಾಸ್ತ್ರಗಳೆಲ್ಲ ಉಡುಪಿಯಿಂದಲೇ ಹೊರಟವು ಎಂದುಕೊಂಡಿದ್ದ ಮಹಾಜ್ಞಾನಿ ನಾನು, ತೆಪ್ಪಗೆ ಅವಳು ಕೊಟ್ಟ ಚಹಾ ಕುಡಿದು ಬಂದೆ. ಫೋನಿನಲ್ಲಿ ವಿವರಿಸಿದರೆ ಅಮ್ಮ ನಂಬಲಿಲ್ಲ. ಕಾಲಿಂಗ್ ಕಾರ್ಡ್ ಮುಗಿಯುವವರೆಗೂ ಇಡೀ ಟರ್ಕಿಯನ್ನು ಬೈದರು.

ಮರುವರ್ಷ ರಜೆ ಮುಗಿಸಿ ಊರಿನಿಂದ ಹೊರಟೆ. ರಿಕ್ಷಾ ಗೇಟು ದಾಟುತ್ತಿದ್ದಂತೆ ಹಿಂದೆ ರಪ್ಪನೆ ಸದ್ದಾಯಿತು. ಖಾಲಿ ಕೊಡಪಾನ ಹಿಡಿದು ಅಮ್ಮ ನಿಂತಿದ್ದರು. ಸತ್ತವರು ಯಾರೆಂದು ನೋಡಲು ನೆರೆಮನೆಯವರು ಬೇಲಿಯಾಚೆ ಇಣುಕುತ್ತಿದ್ದರು.